ಬೋರ್ಡೋ ಅನ್ನುವುದು ಒಂದು ಊರು

ಮಲೆನಾಡಿನ ಅರಳಸುರಳಿಯ ನಮ್ಮ ಮನೆಯಲ್ಲಿ ಬೋರ್ಡೋ ಅಂದರೆ ಅಡಿಕೆಗೆ ಹೊಡೆಯುವ ಔಷಧಿ. ಮಳೆಗಾಲ ಹಿಡಿಯುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಡ್ರಮ್ಮು ಇಟ್ಟು ಮೈಲುತುತ್ತ, ಸುಣ್ಣ ಕಲೆಸುವ ಕೆಲಸ ನಾನು ಮದುವೆಯಾಗಿ ಬಂದ ಮಾರನೇ ವರ್ಷದಿಂದ ನನ್ನದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಅದಲುಬದಲಾಗಬಾರದು. ಕಡೆಗೆ ತಿಕ್ಕಿ ತೊಳೆದ ಕತ್ತಿಯ ತುದಿ ಅದ್ದಿ ನೋಡುವುದು. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಹೀಗೆ ಸುಮಾರು ಮೂವತ್ತು ಮಳೆಗಾಲ ಉಗುರಿನ ಸಂದು ನೀಲಿ ಮಾಡಿಕೊಂಡಿದ್ದೇನೆ. ಆ ಹೆಸರಿನದೊಂದು ಊರು ಇದ್ದೀತು ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಮಗಳು ಕೆಲಸದ ಮೇಲೆ ಫ್ರಾನ್ಸಿನ ಟುಲೂಸ್‌ಗೆ ಹೋದಳು. ಒಂದು ದಿನ ಫೋನಿನಲ್ಲಿ, "ಅಮ್ಮ, ಇಲ್ಲಿಂದ ಎರಡು ಗಂಟೆ ಚಿಲ್ಲರೆ ರೈಲಲ್ಲಿ ಕೂತರೆ ಬೋರ್ಡೋ" ಅಂದಳು. ಯಾವ ಬೋರ್ಡೋ ಅಂದೆ. "ನೀನು ಕಲೆಸ್ತೀಯಲ್ಲ, ಅದೇ."

ಆಗ ನನಗೆ 53. ಗಂಡ ಹೆಂಡತಿ ಇಬ್ಬರೂ ಹೊರಟರೆ ಕೊಟ್ಟಿಗೆ ನೋಡುವವರಿಲ್ಲ ಎಂಬ ಮಾತಿನಲ್ಲೇ ನಮ್ಮ ಕಡೆಯ ಎಷ್ಟೋ ಪ್ರಯಾಣಗಳು ಮುಗಿದುಹೋಗುತ್ತವೆ. ಇವರು ಮಾತ್ರ, "ನಾನಿರ್ತೀನಿ, ನೀನು ಹೋಗಿ ಬಾ ಮಾರಾಯ್ತಿ. ಮಳೆ ಹಿಡಿಯೋದರೊಳಗೆ ಬಂದ್ರಾಯ್ತು" ಅಂದರು. ಕೊನೆ ಕೊಯ್ಲು ಮುಗಿದಿತ್ತು, ಅಡಿಕೆ ಮಂಡಿ ಸೇರಿತ್ತು. ಪಹಣಿ, ಮಂಡಿಯ ಪಟ್ಟಿ, ಬ್ಯಾಂಕಿನ ಲೆಕ್ಕ ಎಲ್ಲ ಹಿಡಿದು ವೀಸಾಕ್ಕೆಂದು ಬೆಂಗಳೂರಿಗೆ ಹೋದರೆ ಅಲ್ಲಿ ಯಂತ್ರಕ್ಕೆ ನನ್ನ ಬೆರಳಚ್ಚು ಸಿಗಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದೂ ಸುಲಿದೂ ಬೆರಳ ತುದಿಯ ಗೆರೆಗಳು ಸವೆದಿವೆ. ನಾಲ್ಕನೇ ಸಲ ಒತ್ತಿದಾಗ ಬಂತು. ಅಲ್ಲಿಯವರೆಗೆ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ನನಗೇ ಕೇಳುತ್ತಿತ್ತು.

ಪ್ಯಾರಿಸ್ಸನ್ನೂ ನೋಡಿದೆ. ಚೆಂದವೇ. ಆದರೆ ನಾನು ಹೇಳಬೇಕಾದ್ದು ಬೇರೆ. ಟುಲೂಸ್‌ನಲ್ಲಿ ಮೊದಲ ವಾರ ಬ್ರೆಡ್ಡು ತರುವುದಕ್ಕೂ ಮಗಳು ಬೇಕಾಗಿತ್ತು. ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳಿ ಮಾಡುವವರು. ಇಲ್ಲಿ ಪ್ರತಿಯೊಂದಕ್ಕೂ ನಾನು ಕೇಳಬೇಕು. ಎಂಟನೇ ದಿನ ಒಬ್ಬಳೇ ಟಿಕೆಟ್ ಯಂತ್ರದಲ್ಲಿ ಚೀಟಿ ತೆಗೆದು ಮೆಟ್ರೋ ಹತ್ತಿ ಗರೋನ್ ನದಿಯ ದಂಡೆಗೆ ಹೋಗಿ ಕೂತೆ. ಸೈಕಲ್ ಕಲಿತ ದಿನದ ಸಂತೋಷ ಅದು. ಐವತ್ತು ದಾಟಿದ ಮೇಲೆ ಅಂಥದ್ದು ಮತ್ತೆ ಸಿಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಅದೇ ನದಿ ಕೆಳಗೆ ಹರಿದು ಬೋರ್ಡೋ ಮುಟ್ಟುತ್ತದೆ. ಅದರಾಚೆ ಮೆಡಾಕ್ ಎಂಬ ಸೀಮೆ, ಕಣ್ಣು ಹರಿದಷ್ಟೂ ದ್ರಾಕ್ಷಿ. ಮಗಳ ಸಹೋದ್ಯೋಗಿಯ ಚಿಕ್ಕಮ್ಮನ ತೋಟಕ್ಕೆ ಹೋದೆವು. ನನ್ನದೇ ವಯಸ್ಸಿನ ಹೆಂಗಸು, ಸಾವಯವ ಕೃಷಿ. ಸಾಲಿನ ತುದಿಯಲ್ಲಿ ಗುಲಾಬಿ ಗಿಡ ನೆಟ್ಟಿದ್ದರು. ಬೂದಿರೋಗ ಮೊದಲು ಅದರ ಮೇಲೆ ಕಾಣಿಸಿಕೊಂಡು ಎಚ್ಚರಿಸುತ್ತದಂತೆ. ನನ್ನ ಕಣ್ಣು ಹೋದದ್ದು ಬಳ್ಳಿಯ ಎಲೆಗೆ. ತಿಳಿನೀಲಿ ಕಲೆ. ಕೆಳಗೆ ಜಲ್ಲಿಕಲ್ಲಿನ ಮೇಲೂ ಅದೇ ಬಣ್ಣ. ಯಾರ ಅಪ್ಪಣೆಯನ್ನೂ ಕೇಳದೆ ಕೂತು ಎಲೆ ಮಗುಚಿ ನೋಡಿದೆ.

ಈ ಔಷಧಿಯ ಕಥೆ ಅಲ್ಲಿ ಕೇಳಿದೆ. 1870ರ ದಶಕದ ಕೊನೆಗೆ ಅಮೆರಿಕದಿಂದ ಬಂದ ಬೂಜುರೋಗ ಫ್ರಾನ್ಸಿನ ದ್ರಾಕ್ಷಿ ತಿನ್ನತೊಡಗಿತ್ತು. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮಾತ್ರ ರೈತರು ತುತ್ತ, ಸುಣ್ಣ ಎರಚುತ್ತಿದ್ದರು, ವಿಷದಂತೆ ಕಾಣಲಿ ಎಂದು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿದ್ದು ಇಷ್ಟೇ: ಆ ಸಾಲಿಗೆ ರೋಗವಿಲ್ಲ. 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ಅವರ ಭಾಷೆಯಲ್ಲಿ ಇದರ ಹೆಸರು 'ಬೂಯಿ ಬೋರ್ದಲೇಸ್'. ಬೂಯಿ ಅಂದರೆ ಗಂಜಿ. ಬೋರ್ಡೋ ಗಂಜಿ!

ಮುಂದಿನದು ನಮ್ಮ ಕಡೆಯದು. 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಅದುವರೆಗೆ ಮಳೆ ತಾಗದಂತೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿದ್ದಲ್ಲಿ ಈ ಗಂಜಿ ಬಂತು. ದ್ರಾಕ್ಷಿಯ ಬೂಜೂ ಅಡಿಕೆಯ ಕೊಳೆಯೂ ದಾಯಾದಿಗಳು, ಒಂದೇ ಬಗೆಯ ಸೂಕ್ಷ್ಮಜೀವಿಗಳು. ನನ್ನ ಅಂಗಳದ ಡ್ರಮ್ಮಿಗೆ ಇಷ್ಟು ಜನ ಸೇರಿದ್ದರೆಂದು ತಿಳಿದು ಆ ರಾತ್ರಿ ನಿದ್ದೆ ಬರಲಿಲ್ಲ.

ಇಪ್ಪತ್ತೈದರಲ್ಲಿ ಬಂದಿದ್ದರೆ ನಾನು ದ್ರಾಕ್ಷಿ ತೋಟದ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದೆ. ಆಗ ನನ್ನ ಕೈಗೆ ಇನ್ನೂ ಹೆಚ್ಚೇನೂ ಗೊತ್ತಿರಲಿಲ್ಲ. ಎಪ್ಪತ್ತಾದ ಮೇಲಾದರೆ ಗೊತ್ತಾದದ್ದನ್ನು ಮನೆಗೆ ತಂದು ಮಾಡಲು ಮೈಯಲ್ಲಿ ಕಸುವಿರಬೇಕಲ್ಲ.

ತರಬೇಕಾದದ್ದೂ ಸಿಕ್ಕಿತು. ದ್ರಾಕ್ಷಿ ತೋಟದ ಆಕೆ ಒಂದು ಪುಸ್ತಕ ತಂದು ತೋರಿಸಿದರು. ಪ್ರತಿ ಸಲ ಹೊಡೆದ ತಾಮ್ರದ ಲೆಕ್ಕ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ದಾಟುವಂತಿಲ್ಲ. ವರ್ಷಕ್ಕೆ ಸರಾಸರಿ ನಾಲ್ಕು. ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಲ್ಲಿ ಕೂರುತ್ತದೆ, ಎರೆಹುಳುವಿಗೆ ಆಗುವುದಿಲ್ಲ. "ನೀವೆಷ್ಟು ಹೊಡೀತೀರಿ?" ಎಂದು ಮಗಳ ಮೂಲಕ ಕೇಳಿದರು. ಡ್ರಮ್ಮಿನ ಲೆಕ್ಕ ಬಾಯಲ್ಲಿತ್ತು, ತಾಮ್ರದ ಲೆಕ್ಕ ನಾನು ಹಾಕಿದವಳೇ ಅಲ್ಲ. ರಾತ್ರಿ ಕೂತು ಹಾಕಿದೆವು. ನಮ್ಮದು ಎರಡು ಎಕರೆ. ಒಂದು ಸುತ್ತಿಗೆ ನೂರು ಲೀಟರಿನ ಹತ್ತು ಡ್ರಮ್ಮು, ಮಳೆ ಜೋರಾದ ವರ್ಷ ಮೂರು ಸುತ್ತು. ಮೂವತ್ತು ಕಿಲೋ ತುತ್ತ. ಅದರಲ್ಲಿ ಕಾಲು ಭಾಗ ತಾಮ್ರ, ಏಳೂವರೆ ಕಿಲೋ. ಹೆಕ್ಟೇರಿಗೆ ಒಂಬತ್ತು ದಾಟುತ್ತದೆ.

ಔಷಧಿ ಬಿಡುವ ಮಾತಿಲ್ಲ. ಒಂದು ವರ್ಷ ಎರಡನೇ ಸುತ್ತು ತಡವಾಗಿ ಅರ್ಧ ಫಸಲು ಕಳೆದುಕೊಂಡವರು ನಾವು. ಆದರೆ ಆಕೆ ಬುಡದ ಬೇಡದ ಚಿಗುರು ಕಿತ್ತು, ಬಳ್ಳಿಯೊಳಗೆ ಗಾಳಿ ಆಡುವಂತೆ ಮಾಡಿ ಒಂದೆರಡು ಸುತ್ತು ಉಳಿಸುತ್ತಾರೆ. ಬಂದವಳೇ ಇವರ ಹತ್ತಿರ ಬಸಿಗಾಲುವೆ ಬಿಡಿಸುವ ಮಾತೆತ್ತಿದೆ. ಉದುರಿದ ಕೊಳೆಕಾಯಿಯನ್ನು ಬುಡದಲ್ಲೇ ಬಿಡುತ್ತಿದ್ದೆವು. ಈಗ ಹೆಕ್ಕಿ ಸುಡುತ್ತೇವೆ. ತೋಟದ ನಾಲ್ಕು ಕಡೆಯ ಮಣ್ಣು ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಸಾಗರದ ಕಡೆ ಹೋದಾಗ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ತಾಮ್ರಕ್ಕೆಂದೇ ಪರೀಕ್ಷೆ ಮಾಡಿಸಿಕೊಡುತ್ತಾರೆಯೇ ಎಂದು ಕೇಳಬೇಕು.

ಜೂನ್ ಮೊದಲ ವಾರ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದ. "ಎಷ್ಟು ಡ್ರಮ್ಮು ಅಮ್ಮಾ, ಹತ್ತೇ ಅಲ್ದಾ?" ಅಂದ. ಎಂಟು ಕಲೆಸಿ ನೋಡುವ, ಕೊನೆ ನೆನೆಯುವಷ್ಟೇ ಹೊಡಿ, ಕೆಳಗೆ ಸುರಿಯುವಷ್ಟು ಬೇಡ ಅಂದೆ. ಕತ್ತಿ ಅದ್ದಿ ನೋಡಿದೆ, ತಾಮ್ರ ಹಿಡಿಯಲಿಲ್ಲ. ಕೈ ತೊಳೆಯುವ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ 'ತುತ್ತ 8 ಕಿಲೋ' ಎಂದು ಬರೆದೆ. ಅಂಕಿಯ ಪಕ್ಕ ನನ್ನ ಹೆಬ್ಬೆರಳಿನ ನೀಲಿ ಗುರುತು ಹಾಗೇ ಇದೆ.