ಗೊಂಬೆಸೈನಿಕನಿಗೆ ಒಪ್ಪುವ ರೈಲು

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಗೇಣುದ್ದದ ತಗಡಿನ ರೈಲೊಂದು ನಿಂತಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ರಾಜನು ರೈಲಿಗಿಂತ ಎತ್ತರವಾಗಿದ್ದರೂ ನೋಡುವವರಿಗೆ ಸಂತೋಷವೇ. ಆದರೆ ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಹೂಡಿ, ದಾಳ ಉರುಳಿಸಿ, ನಡೆದುಹೋದ ಯುದ್ಧವೊಂದನ್ನು ಮರಳಿ ಆಡಿ ನೋಡುವ ಯುದ್ಧಕ್ರೀಡೆಯಲ್ಲಿ ಈ ಸ್ವಾತಂತ್ರ್ಯ ಸಲ್ಲದು. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ೧೯೧೩ರಲ್ಲಿ ಇಂತಹ ಆಟಕ್ಕೆ ನಿಯಮಗಳನ್ನು ಬರೆದು ಪ್ರಕಟಿಸಿದ. ಅಂದಿನಿಂದ ಆಟವು ಬಹಳ ಬೆಳೆದಿದೆ. ಸೈನಿಕನು ಬೋಗಿಯ ಬಾಗಿಲಲ್ಲಿ ಹಿಡಿಸಬೇಕು, ಎಂಜಿನಿನ ಮರೆಯಲ್ಲಿ ನಿಲ್ಲಬಲ್ಲವನಾಗಬೇಕು ಎಂಬುದು ಈಗಿನ ಆಟಗಾರರ ಅಪೇಕ್ಷೆ.

ನಮ್ಮ ನಾಡಿಗೆ ಸಂಬಂಧಿಸಿದ ಯುದ್ಧವೊಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳ ಅಶ್ವಾರೋಹಿಗಳು ತುರ್ಕರ ವಶದಲ್ಲಿದ್ದ ಹೈಫಾ ನಗರವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರರದು. ನಗರದ ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಿಶೋನ್ ನದಿ. ನಡುವಣ ಇಕ್ಕಟ್ಟಿನಲ್ಲಿ ರೈಲುಹಾದಿ. ಅದು ಹಿಜಾಜ್ ರೈಲ್ವೆಯ ಶಾಖೆ. ಈ ಕಾಳಗವನ್ನು ಮೇಜಿನ ಮೇಲೆ ಹೂಡುವವನಿಗೆ ರೈಲು ಅಲಂಕಾರವಲ್ಲ, ರಣಭೂಮಿಯ ಒಂದು ಅಂಗ.

ಈಗ ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿರುವ ವಿದ್ಯಾರ್ಥಿಯೊಬ್ಬನು ಇದಕ್ಕೆ ಮನಸ್ಸು ಮಾಡಿದನೆನ್ನೋಣ. ಕಾಫಿ ತೋಟಗಳ ಆ ಊರಿಗೆ ರೈಲುಹಾದಿಯಿಲ್ಲ. ಮಾದರಿ ರೈಲನ್ನು ದೂರದಿಂದ ಅಂಚೆಯಲ್ಲಿ ತರಿಸಬೇಕು. ಪೆಟ್ಟಿಗೆ ಬಿಚ್ಚಿದ ಮೇಲೆ ಒಪ್ಪಲಿಲ್ಲವೆಂದರೆ ಕೂಡಿಟ್ಟ ಹಣ ವ್ಯರ್ಥ. ಆದುದರಿಂದ ಹಣ ಕಳುಹಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಮಾಡುವುದು ವಿವೇಕ.

ತೊಡಕೇನೆಂದರೆ, ಎರಡು ಪೆಟ್ಟಿಗೆಗಳ ಮೇಲೆ ಬರೆದಿರುವ ಅಳತೆಗಳು ಒಂದೇ ಜಾತಿಯವಲ್ಲ. ಸೈನಿಕರ ಪೆಟ್ಟಿಗೆಯ ಮೇಲೆ ‘೨೮ ಮಿ.ಮೀ.’ ಎಂದಿರುತ್ತದೆ, ಅದು ಗೊಂಬೆಯ ಎತ್ತರ. ರೈಲಿನ ಪೆಟ್ಟಿಗೆಯ ಮೇಲೆ ‘ಎಚ್‌ಓ’ ಎಂದಿರುತ್ತದೆ. ಅದು ನಿಜವಾದ ರೈಲಿಗೂ ಮಾದರಿಗೂ ಇರುವ ಪ್ರಮಾಣ, ಅಂದರೆ ೮೭ಕ್ಕೆ ೧. ಎತ್ತರವನ್ನೂ ಪ್ರಮಾಣಕ್ಕೆ ತಿರುಗಿಸದೆ ಇವೆರಡನ್ನು ಹೋಲಿಸುವುದು ಸೇರನ್ನು ಗಜದೊಡನೆ ಹೋಲಿಸಿದಂತೆ.

ತಿರುಗಿಸುವುದು ಸುಲಭ. ೧೭೨ ಸೆಂ.ಮೀ. ಎತ್ತರದ ಮನುಷ್ಯನ ಕಣ್ಣು ನೆಲದಿಂದ ಸುಮಾರು ೧೬೦ ಸೆಂ.ಮೀ. ಮೇಲಿರುತ್ತದೆ. ಗೊಂಬೆ ತಯಾರಿಸುವವರಲ್ಲಿ ಅನೇಕರು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುತ್ತಾರೆ. ೧೬೦೦ ಮಿ.ಮೀ.ಯನ್ನು ೨೮ರಿಂದ ಭಾಗಿಸಿದರೆ ೫೭. ನೆತ್ತಿಯವರೆಗೆ ಅಳೆಯುವವರ ಲೆಕ್ಕದಲ್ಲಿ ೧೭೨೦ನ್ನು ೨೮ರಿಂದ ಭಾಗಿಸಬೇಕು, ಆಗ ೬೧. ಆದುದರಿಂದ ನಮ್ಮ ಸೈನಿಕನ ಪ್ರಮಾಣ ೧:೫೭ರಿಂದ ೧:೬೧ರ ವರೆಗೆ ಎನ್ನಬಹುದು. ಅಳೆಯುವಾಗ ಪಾದದ ಕೆಳಗಿನ ಪೀಠವನ್ನು ಸೇರಿಸಬಾರದು. ಕುದುರೆಯ ಮೇಲೆ ಕುಳಿತವನನ್ನು ಅಳೆಯುವುದು ಕಷ್ಟ. ಅದೇ ತಯಾರಕರ ಕಾಲಾಳೊಬ್ಬನನ್ನು ಕೈವಾರದಿಂದ ಅಳೆದರೆ ಸಾಕು.

ಇಂತಹ ಸೈನಿಕನನ್ನು ಎಚ್‌ಓ ರೈಲಿನ ಪಕ್ಕದಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ೨೮ನ್ನು ೮೭ರಿಂದ ಗುಣಿಸಿ. ಕಣ್ಣಿನ ಎತ್ತರವೇ ಎರಡೂವರೆ ಮೀಟರಿನಷ್ಟಾಯಿತು! ಬೋಗಿಯ ಎರಡು ಮೀಟರಿನ ಬಾಗಿಲು ಆ ಪ್ರಮಾಣದಲ್ಲಿ ೨೩ ಮಿ.ಮೀ. ಮಾತ್ರ. ನಮ್ಮ ವೀರನು ಒಳಗೆ ಹೋಗಬೇಕಾದರೆ ತೆವಳಬೇಕು. ಬ್ರಿಟನ್ನಿನಲ್ಲಿ ಪ್ರಚಾರದಲ್ಲಿರುವ ೧:೭೬ರ ‘ಓಓ’ ರೈಲು ಸಹ ಇವನಿಗೆ ಚಿಕ್ಕದೇ. ೧:೭೨ರ ಪ್ಲಾಸ್ಟಿಕ್ ಸೈನಿಕರಿಗಾದರೆ ಅದು ಚೆನ್ನಾಗಿ ಒಪ್ಪುತ್ತದೆ. ಇತ್ತ ೧:೪೮ರ ‘ಓ’ ರೈಲಿನ ಪಕ್ಕದಲ್ಲಿ ಅದೇ ೨೮ ಮಿ.ಮೀ. ಸೈನಿಕನ ಕಣ್ಣಿನ ಎತ್ತರ ೧೩೪ ಸೆಂ.ಮೀ.ಗೆ ಇಳಿದು ಅವನು ಶಾಲೆಯ ಹುಡುಗನಾಗುತ್ತಾನೆ. ‘ಎಸ್’ ಎಂಬ ೧:೬೪ರ ಪ್ರಮಾಣದಲ್ಲಿ ಅವನು ತುಸು ಎತ್ತರದ ಆಳು, ಅಷ್ಟೆ.

ಇಲ್ಲಿಯವರೆಗೆ ಪ್ರಮಾಣದ ಮಾತಾಯಿತು. ಹಳಿಗಳ ನಡುವಣ ಅಂತರ, ಎಂದರೆ ಗೇಜ್, ಬೇರೆಯೇ ಸಂಗತಿ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಎಚ್‌ಓ ಮಾದರಿಯ ಹಳಿಗಳ ಅಂತರ ೧೬.೫ ಮಿ.ಮೀ. ಇದನ್ನು ೮೭ರಿಂದ ಗುಣಿಸಿದರೆ ೧೪೩೫ ಮಿ.ಮೀ.; ಯೂರೋಪಿನ ಸಾಮಾನ್ಯ ರೈಲುಹಾದಿಯ ಗೇಜ್ ಅದೇ. ಆದರೆ ಎಲ್ಲ ದೇಶಗಳ ಹಾದಿಗಳೂ ಅಷ್ಟೇ ಅಗಲವಲ್ಲ. ಈಗ ಅರಸೀಕೆರೆಯಲ್ಲಿ ಕಾಣುವ ಬ್ರಾಡ್ ಗೇಜ್ ೧೬೭೬ ಮಿ.ಮೀ.; ಹಿಂದೆ ಅಲ್ಲಿದ್ದ ಮೀಟರ್ ಗೇಜ್ ಹೆಸರೇ ಹೇಳುವಂತೆ ೧೦೦೦ ಮಿ.ಮೀ. ಹಿಜಾಜ್ ರೈಲ್ವೆಯದು ೧೦೫೦. ಈ ೧೦೫೦ನ್ನು ಎಚ್‌ಓ ಹಳಿಯ ೧೬.೫ರಿಂದ ಭಾಗಿಸಿ ನೋಡಿ: ೬೩.೬! ಮೀಟರ್ ಗೇಜಿಗೆ ಲೆಕ್ಕ ಹಾಕಿದರೆ ೬೦.೬. ಎರಡೂ ನಮ್ಮ ಸೈನಿಕನ ಪ್ರಮಾಣದ ಆಸುಪಾಸಿನಲ್ಲೇ ಇವೆ.

ಹೀಗೆ, ಎಚ್‌ಓ ರೈಲು ನಮಗೆ ಒಪ್ಪದಿದ್ದರೂ ಎಚ್‌ಓ ಹಳಿ ಒಪ್ಪುತ್ತದೆ. ಈ ಹಳಿ ಎಲ್ಲಕ್ಕಿಂತ ಸುಲಭವಾಗಿ ದೊರೆಯುವಂಥದು ಎಂಬುದು ನಮ್ಮ ಅದೃಷ್ಟ. ಅದರ ಮೇಲೆ ಓಡುವ ಗಾಡಿಯ ಮೈಕಟ್ಟು ಮಾತ್ರ ದೊಡ್ಡದಾಗಿರಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ಹವ್ಯಾಸಿಗಳು ತಮ್ಮ ಮೂರೂವರೆ ಅಡಿ ಗೇಜಿನ ರೈಲುಗಳನ್ನು ಇದೇ ಹಳಿಯ ಮೇಲೆ ೧:೬೪ರಲ್ಲಿ ಮಾಡುತ್ತಾರೆ. ಅಂತಹ ಗಾಡಿ ದೊರೆತರೆ ಉತ್ತಮ. ದೊರೆಯದಿದ್ದರೆ ಅಗ್ಗದ ಎಚ್‌ಓ ಎಂಜಿನಿನ ಚಕ್ರ ಮತ್ತು ಮೋಟಾರುಗಳನ್ನು ಉಳಿಸಿಕೊಂಡು ಮೇಲ್ಭಾಗವನ್ನು ದಪ್ಪ ರಟ್ಟಿನಲ್ಲಿ ಕಟ್ಟಬಹುದು. ನಮ್ಮ ಮಟ್ಟಿಗೆ ಎರಡನೆಯ ದಾರಿಯೇ ಹೆಚ್ಚು ಇಷ್ಟ.

ಇನ್ನೊಂದು ರಿಯಾಯಿತಿಯೂ ಉಂಟು. ಮನುಷ್ಯರ ಎತ್ತರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎಂಜಿನುಗಳಲ್ಲಿ ದೊಡ್ಡವೂ ಉಂಟು, ಬಹಳ ಚಿಕ್ಕವೂ ಉಂಟು. ಆದುದರಿಂದ ೧:೪೮ರ ಪುಟ್ಟ ಎಂಜಿನೊಂದು ೧:೬೦ರ ದೊಡ್ಡ ಎಂಜಿನೆಂದು ನಟಿಸಬಲ್ಲದು. ಗುಟ್ಟು ಬಯಲುಮಾಡುವವು ಮನುಷ್ಯನಿಗಾಗಿಯೇ ಮಾಡಿದ ಭಾಗಗಳು: ಬಾಗಿಲು, ಮೆಟ್ಟಿಲು, ಕೈಪಿಡಿ, ಚಾಲಕನ ಕಿಟಕಿ. ಇವನ್ನು ಬದಲಾಯಿಸಿದರೆ ಕಣ್ಣು ಮೋಸಹೋಗುತ್ತದೆ.

ಪ್ರಮಾಣದ ಗಣಿತವೇ ಬೇಡವೆನ್ನುವವರು ಹೀಗೆ ಮಾಡಬಹುದು. ಮೈಸೂರಿನಲ್ಲಿ ೧೯೭೯ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನಿನ ಪಕ್ಕದಲ್ಲಿ ಗೆಳೆಯನನ್ನು ನಿಲ್ಲಿಸಿ ಚಿತ್ರ ತೆಗೆಯಿರಿ. ಎಂಜಿನು ಎಷ್ಟು ಆಳೆತ್ತರ ಎಂಬುದನ್ನು ಚಿತ್ರದಲ್ಲೇ ಅಳೆಯಿರಿ. ಅದು ಎರಡಾಳೆತ್ತರವಾದರೆ ಮಾದರಿಯೂ ಎರಡು ಗೊಂಬೆಯೆತ್ತರ ಇರಬೇಕು. ಹಿಜಾಜಿನಲ್ಲಿ ಜರ್ಮನಿಯ ಕಾರ್ಖಾನೆಗಳಿಂದ ಬಂದ ಎಂಜಿನುಗಳು ಹಲವಿದ್ದವು. ಅವುಗಳ ಹಳೆಯ ಚಿತ್ರಗಳಿಗೂ ಇದೇ ವಿಧಾನ ಸಲ್ಲುತ್ತದೆ.

ಕೊನೆಯದಾಗಿ ರೈಲಿನ ಉದ್ದದ ಪ್ರಶ್ನೆ. ಆರಡಿಯ ಮೇಜು ೧:೬೦ರಲ್ಲಿ ಸುಮಾರು ೧೧೦ ಮೀಟರು ನೆಲಕ್ಕೆ ಸಮ. ನಿಜವಾದ ರಣಭೂಮಿ ಕೆಲವು ಮೈಲಿಗಳದು. ಆಟದಲ್ಲಿ ನೆಲವನ್ನು ಯಾವಾಗಲೂ ಕುಗ್ಗಿಸಿಯೇ ತೋರಿಸಬೇಕಾಗುತ್ತದೆ. ಹನ್ನೆರಡು ಮೀಟರಿನ ಒಂದು ಬೋಗಿ ಮೇಜಿನ ಮೇಲೆ ೨೦ ಸೆಂ.ಮೀ. ಹಿಡಿಯುವುದರಿಂದ ಐದಾರು ಬೋಗಿಗಳನ್ನು ಜೋಡಿಸಿದರೆ ಮೇಜಿನ ಬಹುಭಾಗ ರೈಲೇ ಆಗುತ್ತದೆ. ಒಂದು ಎಂಜಿನು, ಎರಡು ಗಾಡಿ ಸಾಕು. ಉಳಿದ ಹಳಿಯನ್ನು ಬರಿದಾಗಿ ಬಿಟ್ಟರೆ ಸವಾರರಿಗೆ ಅದನ್ನು ದಾಟಿ ಹೋಗಲು ಸ್ಥಳ ದೊರೆಯುತ್ತದೆ.