ಫ್ಯೂಸ್ ಕಾಯುವುದು ವೈರನ್ನು

ಗೆಳೆಯನ ಕಾರಿನಲ್ಲಿ ಹಾಡು ಜೋರಾದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಯಿಂದ ಹೊರಟ ಕೆಂಪು ವೈರು ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇಲ್ಲದೆ ತೂರಿತ್ತು. ತಗಡಿನ ಅಂಚು ಉಜ್ಜಿ ಉಜ್ಜಿ ಹೊದಿಕೆ ಸವೆದು, ಒಳಗಿನ ಎಳೆಗಳು ಇಣುಕುತ್ತಿದ್ದವು. ಫ್ಯೂಸ್ ಇದ್ದದ್ದು ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕದಲ್ಲಿ. ಆ ಎಳೆಗಳು ಕಾರಿನ ತಗಡಿಗೆ ತಾಗಿದ್ದರೆ ನೂರಾರು ಆಂಪಿಯರ್ ಹರಿದು ವೈರೇ ಹೊತ್ತಿಕೊಳ್ಳುತ್ತಿತ್ತು. ಡಿಕ್ಕಿಯ ಫ್ಯೂಸಿಗೆ ಅದರ ಸುದ್ದಿಯೂ ಮುಟ್ಟುತ್ತಿರಲಿಲ್ಲ.

ಆಂಪ್ಲಿಫೈಯರ್ ಕಾಯಲು ಸಾಮಾನ್ಯವಾಗಿ ಅದರ ಮೈಮೇಲೆಯೇ ಫ್ಯೂಸ್ ಇರುತ್ತದೆ. ನಾವು ಹಾಕುವ ಮುಖ್ಯ ಫ್ಯೂಸ್ ವೈರಿಗೆ. ಹಾಗಾಗಿ ಅದು ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು.

ವೈರು, ಫ್ಯೂಸ್ ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ಕಾಗದ, ಪೆನ್ನು ಹಿಡಿಯಿರಿ. ಆಂಪ್ಲಿಫೈಯರ್ ಡಬ್ಬಿಯ ಮೇಲಿನ ‘2000 ವ್ಯಾಟ್’ ಮರೆತು, ಕೈಪಿಡಿಯಲ್ಲಿರುವ ಆರ್‌ಎಂಎಸ್ ವ್ಯಾಟ್ ಮಾತ್ರ ಬರೆದುಕೊಳ್ಳಿ. ಸಬ್‌ವೂಫರಿಗೆ 500 ವ್ಯಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್ (ಆಂಪ್) ಇದೆ ಎನ್ನೋಣ. ಅದರ ದಕ್ಷತೆ ಸುಮಾರು ಶೇ 80, ಎಂಜಿನ್ ಓಡುವಾಗ ಸಿಗುವುದು 13.8 ವೋಲ್ಟ್. 500ನ್ನು 0.8ರಿಂದ, ಬಂದದ್ದನ್ನು 13.8ರಿಂದ ಭಾಗಿಸಿದರೆ 45 ಆಂಪಿಯರ್. ಬಾಗಿಲ ಸ್ಪೀಕರುಗಳಿಗೆ 50 ವ್ಯಾಟಿನ ನಾಲ್ಕು ಚಾನೆಲ್‌ನ ಕ್ಲಾಸ್ ಎಬಿ ಆಂಪ್. ಇದರ ದಕ್ಷತೆ ಶೇ 60ರ ಆಸುಪಾಸು, ಬೇಡುವುದು 24 ಆಂಪಿಯರ್. ಒಟ್ಟು ಸುಮಾರು 70. ನಿಮ್ಮ ಕಾರಿನ ಆಲ್ಟರ್ನೇಟರ್ ಎಷ್ಟು ಆಂಪಿಯರಿನದು ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಎಸಿ, ದೀಪ, ಫ್ಯಾನು ಎಲ್ಲದಕ್ಕೂ ಅದೇ ಅನ್ನದಾತ.

70 ಆಂಪಿಯರನ್ನು ಐದು ಮೀಟರ್ ದೂರದ ಡಿಕ್ಕಿಗೆ 10 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಒಯ್ದರೆ ದಾರಿಯಲ್ಲೇ 0.6 ವೋಲ್ಟ್ ಸೋರುತ್ತದೆ. 25 ಚದರ ಮಿ.ಮೀ. ಆದರೆ ಕಾಲು ವೋಲ್ಟಿಗಿಂತ ಕಡಿಮೆ. ಇದನ್ನೇ ಆರಿಸಿ, 80 ಆಂಪಿಯರಿನ ಎಎನ್‌ಎಲ್ ಫ್ಯೂಸ್ ಹಾಕಿ. ಡಿಕ್ಕಿಯಲ್ಲಿ ವೈರು ಕವಲೊಡೆದು ಸಣ್ಣದಾಗುವ ಕಡೆ ಮತ್ತೆ ಫ್ಯೂಸ್ ಬೇಕು: 10 ಚದರ ಮಿ.ಮೀ.ನ ಎರಡು ಕವಲಿಗೆ 50 ಮತ್ತು 30.

ಬೆಂಗಳೂರಿನ ಜೆ.ಸಿ. ರಸ್ತೆಯೇ ಇರಲಿ, ನಿಮ್ಮೂರಿನ ಅಂಗಡಿಯೇ ಇರಲಿ, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡದೆ ದುಡ್ಡು ಕೊಡಬೇಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಅಂದರೆ ಅದೇ ಕೆಲಸಕ್ಕೆ ಒಂದೂವರೆ ಪಟ್ಟು ದಪ್ಪ ಬೇಕು. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ಹೊದಿಕೆಯನ್ನೇ ದಪ್ಪ ಮಾಡಿ ಕಣ್ಣಿಗೆ ಮೋಸ ಮಾಡುವುದೂ ಉಂಟು. ಮನೆ ವೈರಿಂಗಿನ ತುಂಡಂತೂ ಬೇಡ. ಬಾನೆಟ್ ಕೆಳಗಿನ ಬಿಸಿಗೂ ಎಣ್ಣೆಗೂ ಅದು ತಯಾರಾದದ್ದಲ್ಲ.

ಕೆಲಸಕ್ಕೆ ಕೂತಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತಗಡಿನ ತೂತಿಗೆ ಗ್ರೋಮೆಟ್ ಕೂರಿಸಿಯೇ ವೈರು ತೂರಿಸಿ. ಕರೆಂಟಿನ ವೈರು ಎಡಗಡೆ ಹೋದರೆ ಹಾಡಿನ ಸಂಕೇತ ಒಯ್ಯುವ ಆರ್‌ಸಿಎ ಕೇಬಲ್ ಬಲಗಡೆ ಹೋಗಲಿ, ಇಲ್ಲದಿದ್ದರೆ ಎಂಜಿನ್ನಿನ ಕೀರಲು ಸ್ಪೀಕರಿನಲ್ಲಿ ಕೇಳುತ್ತದೆ. ಅರ್ಥ್ ವೈರೂ ಪಾಸಿಟಿವ್‌ನಷ್ಟೇ ದಪ್ಪವಿರಲಿ, ಉದ್ದ ಆದಷ್ಟು ಕಡಿಮೆ ಇರಲಿ. ಬಾಡಿಯ ಪೇಂಟನ್ನು ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಕ್ರಿಂಪ್ ಮಾಡಿದ ಲಗ್ಗನ್ನು ಬೋಲ್ಟಿನಿಂದ ಬಿಗಿಯಿರಿ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ, ಅದು ಜೀವದ ಪ್ರಶ್ನೆ.

ಎಲ್ಲ ಮುಗಿದು ನೆಗೆಟಿವ್ ಜೋಡಿಸಿದ ಮೇಲೆ ಕೊನೆಗೆ ಮುಖ್ಯ ಫ್ಯೂಸ್ ಕೂರಿಸಿ. ಎಂಜಿನ್ ಓಡಿಸಿ, ಹಾಡು ಜೋರಿಟ್ಟು, ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟನ್ನೂ ಆಂಪಿನ ವೋಲ್ಟನ್ನೂ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಜೋಡಣೆ ಸಡಿಲ. ಅರ್ಧ ಗಂಟೆ ಓಡಾಡಿ ಬಂದು, ಎಂಜಿನ್ ನಿಲ್ಲಿಸಿ ಡಿಕ್ಕಿಯ ಲಗ್ಗುಗಳನ್ನು ಮುಟ್ಟಿ ನೋಡಿ. ಯಾವುದು ಕೈ ಸುಡುತ್ತದೋ ಅದನ್ನು ಬಿಚ್ಚಿ ಹೊಸದಾಗಿ ಕ್ರಿಂಪ್ ಮಾಡಿ.