ಚಲಿಸುವ ಕಣಜ

ಸವದತ್ತಿಯ ಪ್ರಾಚೀನ ನಾಮ ಸುಗಂಧವರ್ತಿ. ರಾಜಧಾನಿಯನ್ನು ಬೆಳಗಾವಿಗೆ ಒಯ್ಯುವ ಮುನ್ನ ರಟ್ಟರು ಇಲ್ಲಿಂದಲೇ ಆಳುತ್ತಿದ್ದರು. ತಮ್ಮ ದಾನಧರ್ಮಗಳನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಕಲ್ಲಿನ ಬರಹಕ್ಕೆ ಆಯುಷ್ಯವು ದೀರ್ಘ. ಆದರೆ ಅದನ್ನು ಹೊತ್ತು ರಾಮದುರ್ಗಕ್ಕೆ ಒಯ್ಯುವುದು ಆಗದ ಮಾತು. ಇಂದಾದರೋ ಅಂತಹ ಶಾಸನಗಳ ನೂರಾರು ಛಾಯಾಚಿತ್ರಗಳು ಹೆಬ್ಬೆರಳುದ್ದದ ಪೆನ್ ಡ್ರೈವಿನಲ್ಲಿ ಅಡಗುತ್ತವೆ. ಅವಸರದಿಂದ ಕಿತ್ತರೆ ಕ್ಷಣಮಾತ್ರದಲ್ಲಿ ಅಳಿದುಹೋಗಲೂಬಹುದು.

ಬೈಲಹೊಂಗಲದ ವಿದ್ಯಾರ್ಥಿಯೊಬ್ಬನು ಆ ಚಿತ್ರಗಳನ್ನು ಶಾಲೆಯ ಗಣಕಯಂತ್ರಕ್ಕೆ ಇಳಿಸಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಯಂತ್ರವನ್ನು ನಡೆಸುತ್ತಿರುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಜಗತ್ತಿನ ಮುಂದಿಟ್ಟನು. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ವಿಂಡೋಸ್‌ನಲ್ಲಿ ಪ್ರತಿಯೊಂದು ಡ್ರೈವಿಗೂ ಸಾಮಾನ್ಯವಾಗಿ ಒಂದೊಂದು ಇಂಗ್ಲಿಷ್ ಅಕ್ಷರ ದೊರೆಯುತ್ತದೆ. ಲಿನಕ್ಸಿನ ಕ್ರಮ ಬೇರೆ. ಇಲ್ಲಿ ಇರುವುದು ಒಂದೇ ಬೇರು, ಒಂದೇ ಮರ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಂತೆ, ಹೊರಗಿನಿಂದ ಬಂದ ಡ್ರೈವು ಈ ಮರದ ಯಾವುದಾದರೊಂದು ಕಡತಕೋಶದಲ್ಲಿ ಸೇರಿಕೊಳ್ಳುತ್ತದೆ. ಇದಕ್ಕೆ ಮೌಂಟ್ ಮಾಡುವುದು ಎಂದು ಹೆಸರು. ನದಿಯು ಮತ್ತೆ ಬೇರ್ಪಡದು, ಡ್ರೈವು ಬೇರ್ಪಡುತ್ತದೆ. ಉಪಮೆಗೆ ಅಷ್ಟು ಮಿತಿ ಇದ್ದೇ ಇದೆ.

ಉಬುಂಟುವಿನಂತಹ ಆವೃತ್ತಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತದೆ. ನಡೆಯದಿದ್ದರೆ ಟರ್ಮಿನಲ್ಲಿನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಎಂಬ ಆಜ್ಞೆಯಿಂದ ಡ್ರೈವಿನ ಹೆಸರನ್ನು ಅರಿತು, ಬರಿದಾದ ಕೋಶವೊಂದನ್ನು ನಿರ್ಮಿಸಿ, ನಿರ್ವಾಹಕನ ಅಧಿಕಾರದಿಂದ ಮೌಂಟ್ ಮಾಡಬೇಕು. ಎಸ್‌ಡಿಬಿ1 ಮುಂತಾದ ಹೆಸರುಗಳು ಡ್ರೈವುಗಳನ್ನು ಚುಚ್ಚಿದ ಕ್ರಮಕ್ಕೆ ತಕ್ಕಂತೆ ಬದಲಾಗಬಲ್ಲವು. ಆದುದರಿಂದ ಶಾಶ್ವತವಾದ ಏರ್ಪಾಡಿಗೆ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಯುಯುಐಡಿ ಎಂಬ ಗುರುತನ್ನೇ ಬರೆಯುವುದು ಲೇಸು. ಅದರೊಡನೆ 'ನೋಫೇಲ್' ಎಂಬ ಪದವನ್ನು ಸೇರಿಸದಿದ್ದರೆ, ಡ್ರೈವು ಇಲ್ಲದ ದಿನ ಯಂತ್ರವು ಏಳುವಾಗಲೇ ಅದಕ್ಕಾಗಿ ಕಾದು ತಡವರಿಸೀತು.

ಡ್ರೈವಿನೊಳಗಿನ ವ್ಯವಸ್ಥೆಯೂ ಮುಖ್ಯವಾದುದು. ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಯಂತ್ರಗಳಿಗೂ ಒಗ್ಗುತ್ತದೆ. ಆದರೆ 4 ಜಿಬಿಯಷ್ಟು ದೊಡ್ಡ ಕಡತವನ್ನು ಅದು ಹಿಡಿಯಲಾರದು. ಎಕ್ಸ್‌ಫ್ಯಾಟಿಗೆ ಈ ತೊಡಕಿಲ್ಲ, 2019ರ 5.4ನೆಯ ಆವೃತ್ತಿಯಿಂದ ಲಿನಕ್ಸಿನ ತಿರುಳೇ ಅದನ್ನು ಬಲ್ಲದು. ಎಕ್ಸ್‌ಟಿ4 ಕಡತಗಳ ಒಡೆತನವನ್ನೂ ಕಾಪಾಡುತ್ತದೆ. ಆದರೆ ಆ ಒಡೆತನ ಹೆಸರಿನಿಂದಲ್ಲ, ಸಂಖ್ಯೆಯಿಂದ. ಕಿತ್ತೂರಿನ ಯಂತ್ರದಲ್ಲಿ ಬರೆದ ಕಡತವನ್ನು ರಾಮದುರ್ಗದ ಯಂತ್ರದಲ್ಲಿ ತೆರೆದಾಗ, ಸಂಖ್ಯೆ ಹೊಂದದಿದ್ದರೆ, ಅನುಮತಿ ಇಲ್ಲವೆಂಬ ಉತ್ತರ ಬರಬಹುದು. ವ್ಯವಸ್ಥೆಯನ್ನು ಬದಲಿಸಲು ಫಾರ್ಮ್ಯಾಟ್ ಮಾಡಿದರೆ ಒಳಗಿನ ಚಿತ್ರಗಳು ಕೈಬಿಟ್ಟಂತೆಯೇ. ಹಿಂದಿನ ದಿನವೇ ಬೇರೆಡೆ ಪ್ರತಿಯನ್ನು ತೆಗೆದಿರಿಸಬೇಕು.

ಹಾನಿ ಹೆಚ್ಚಾಗಿ ಒದಗುವುದು ಬೀಳ್ಕೊಡುವ ಗಳಿಗೆಯಲ್ಲಿ. ಪ್ರತಿಮಾಡುವ ಕೆಲಸ ಮುಗಿಯಿತೆಂದು ತೆರೆಯು ತೋರಿಸಿದರೂ ಕೊನೆಯ ಕಡತಗಳು ಯಂತ್ರದ ಸ್ಮೃತಿಯಲ್ಲಿಯೇ ಕಾಯುತ್ತಿರಬಹುದು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತ ನೀರು ಇನ್ನೂ ರಾಮದುರ್ಗದ ಹೊಳೆದಂಡೆಯನ್ನು ಮುಟ್ಟಿರುವುದಿಲ್ಲವಷ್ಟೆ! 'ಯುಮೌಂಟ್' ಆಜ್ಞೆಯು ಆ ಶೇಷವನ್ನೆಲ್ಲ ಡ್ರೈವಿಗೆ ಬರೆದು ಮುಗಿಸುತ್ತದೆ. ಡ್ರೈವು ಕಾರ್ಯನಿರತವಾಗಿದೆ ಎಂಬ ಉತ್ತರ ಬಂದರೆ, ಯಾವುದೋ ಕಡತ ತೆರೆದೇ ಇದೆ, ಇಲ್ಲವೆ ಟರ್ಮಿನಲ್ಲೇ ಆ ಕೋಶದೊಳಗೆ ನಿಂತಿದೆ ಎಂದು ತಿಳಿಯಬೇಕು. ಅದನ್ನು ಮುಚ್ಚಿ, ಹೊರಬಂದು, ಮತ್ತೊಮ್ಮೆ ಆಜ್ಞೆಯನ್ನೀಯಬೇಕು. ಟರ್ಮಿನಲ್ಲು ಏನನ್ನೂ ಹೇಳದೆ ಮುಂದಿನ ಸಾಲಿಗೆ ಹೋದರೆ ಡ್ರೈವನ್ನು ಕೀಳಬಹುದು.